ಪದಚರ್ಚೆ: ಶಾಕಬ್ಸರ್ ‘ಗಟ್ಟಿ’ಯೋ ‘ಬಿರುಸೋ’? ಜೊತೆಗೆ ‘ಟಕ್ಕು’

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಕೆಲಸ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಬನಶಂಕರಿಯಲ್ಲಿ ನಮ್ಮ ಮನೆ ಹತ್ತಿರದ ಗ್ಯಾರೇಜಿನವರು, ಬೇಕಾದ ಹಾಗೆ ತಿರುಗಿಸಿ ಹೊಂದಿಸಿಕೊಳ್ಳುವಂಥ ಶಾಕಬ್ಸರನ್ನು (ಶಾಕ್ ಅಬ್ಸಾರ್ಬರ್) ಕಾರಿಗೆ ಹಾಕಿಕೊಡುತ್ತಾರೆ. ಹಾಕಿಸಿಕೊಂಡವರು ಮನೆಗೆ ಹೋದಮೇಲೆ, ಗುಬುಟು ಎಷ್ಟು ತಿರುಗಿಸಬೇಕು ಅಂತ ಫೋನ್ ಮೇಲೆ ಫೋನ್ ಮಾಡುತ್ತಾರಂತೆ. “ಸಾರ್, ಕನ್ನಡದಲ್ಲಿ ಒಂದು ಪುಟ ಬರ್ಕೊಡಿ, ಪ್ರಿಂಟ್ ಹಾಕ್ಸಿ ಕೈಗೆ ಕೊಟ್ಬಿಡ್ತೀನಿ” ಅಂದರು. ಒಂದೇ ಪುಟ ತಾನೇ ಅಂದುಕೊಂಡೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು.

ಸಾಲು ಇದು: ‘ಗುಂಡಿ ಜಾಸ್ತಿ ಇರುವ ರಸ್ತೆಗೆ ಶಾಕಬ್ಸರನ್ನು ಸ್ವಲ್ಪ ____ ಮಾಡಿ.’

‘ಸಡಿಲ’ ಅಂತ ಹಾಕಿದರೆ ಯಾವುದೋ ಬೋಲ್ಟು ಬಿಚ್ಚಬೇಕು ಅಂದುಕೊಳ್ಳುತ್ತಾರೆ. ಅದರ ಎದುರು ಪದ ‘ಗಟ್ಟಿ’ ಅನ್ನೋಣವೇ? ‘ಗಟ್ಟಿ ಗಾಡಿ’ ಅಂದರೆ ನಮ್ಮಲ್ಲಿ ಹೊಗಳಿಕೆ, ಬೆನ್ನು ನೋವಿಗೂ ಅದಕ್ಕೂ ಸಂಬಂಧ ಇಲ್ಲ. ‘ಬಿರುಸು’ ನನಗೆ ಇಷ್ಟ. ಉದ್ದು ಕಡಿಮೆಯಾದ ಇಡ್ಲಿಗೆ ನಮ್ಮ ಮನೆಯಲ್ಲಿ ಅನ್ನುವ ಮಾತು ಅದು. ಗುಂಡಿಗೆ ಇಳಿದಾಗ ಸೊಂಟಕ್ಕೆ ತಾಗುವುದೂ ಅಂಥದ್ದೇ. ಆದರೆ ಬಿರುಸು ಯಾವುದರ ಗುಣ, ಸ್ಪ್ರಿಂಗಿನದೋ ಶಾಕಬ್ಸರಿನದೋ? ನಿಜವಾದ ತೊಡಕು ಇಲ್ಲಿದೆ.

ಶಾಕಬ್ಸರ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಹೊಡೆತವನ್ನು ಅದು ನುಂಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಮೊದಲು ನುಂಗುವುದು ಟೈರು, ಆಮೇಲೆ ಸ್ಪ್ರಿಂಗು. ಕಾರಿನ ಭಾರ ಹೊರುವುದೂ ಸ್ಪ್ರಿಂಗೇ. ಆದರೆ ಅದು ನುಂಗಿದ್ದನ್ನು ಇಟ್ಟುಕೊಳ್ಳುವುದಿಲ್ಲ, ವಾಪಸ್ ಉಗಿಯುತ್ತದೆ. ಬಿಟ್ಟರೆ ಮೇಲೆ ಕೆಳಗೆ ಪುಟಿಯುತ್ತಲೇ ಇರುತ್ತದೆ. ಆ ಪುಟಿತವನ್ನು ನಿಲ್ಲಿಸುವುದು ಶಾಕಬ್ಸರ್. ಒಳಗೆ ಎಣ್ಣೆ ಇರುತ್ತದೆ, ಒಂದು ಪಿಸ್ಟನ್ ಇರುತ್ತದೆ. ಪಿಸ್ಟನ್ ಓಡಾಡಿದಾಗ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಬೇಕು. ನುಸುಳುವ ಕಷ್ಟಕ್ಕೆ ಕುಣಿತವೆಲ್ಲ ಶಾಖವಾಗಿ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.

ಗ್ಯಾರೇಜಿನವರು ಇದನ್ನು ಬಾನೆಟ್ ಮೇಲೆ ತೋರಿಸಿದರು. ಮುಂದಿನ ಮೂಲೆಯ ಮೇಲೆ ಎರಡು ಅಂಗೈ ಇಟ್ಟು, ಮೈಭಾರ ಹಾಕಿ ಒತ್ತಿ, ಥಟ್ಟನೆ ಬಿಟ್ಟರು. ಕಾರು ಮೇಲೆ ಬಂದು ಹಾಗೇ ನಿಂತಿತು. ಪಕ್ಕದಲ್ಲಿದ್ದ ಹಳೇ ಕಾರಿಗೂ ಹಾಗೇ ಮಾಡಿದರು. ಅದು ಮೂರು ಸಲ ತೂಗಾಡಿತು. ಶಾಕಬ್ಸರಿನ ಕೆಳಗೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. “ಸ್ಪ್ರಿಂಗ್ ಹೊರುತ್ತೆ ಸಾರ್, ಶಾಕ್ಸು ಹಿಡಿಯುತ್ತೆ. ಇದ್ರಲ್ಲಿ ಹಿಡಿಯೋದು ಹೋಗಿದೆ” ಅಂದರು.

ಹೊರುವುದು, ಹಿಡಿಯುವುದು. ನನಗೆ ಇದಕ್ಕಿಂತ ಒಳ್ಳೆಯ ಜೋಡಿ ಹೊಳೆದಿಲ್ಲ. ಸಂಸ್ಕೃತದ ಕಡೆ ಹೋದರೆ ಈ ಹಿಡಿಯುವುದಕ್ಕೆ ‘ಅವಮಂದನ’ ಸಿಗುತ್ತದೆ, ಗ್ಯಾರೇಜಿನ ಹಾಳೆಗೆ ಅದು ಬೇಡ. ‘ತಡೆ’ ಅನ್ನೋಣ ಅಂದರೆ ಅದಕ್ಕೆ ಎರಡು ಮುಖ. ಕುಣಿತವನ್ನು ತಡೆಯುವುದು ಶಾಕಬ್ಸರ್ ಸರಿ, ಆದರೆ ‘ಭಾರ ತಡೆಯುತ್ತೆ’ ಅಂತಲೂ ಅನ್ನುತ್ತೇವಲ್ಲ, ಅದು ಸ್ಪ್ರಿಂಗಿನ ಕೆಲಸ. ‘ತಣಿಸು’ ಚೆನ್ನಾಗಿದೆ. ತಣಿಸುತ್ತ ತಣಿಸುತ್ತ ತಾನೇ ಬಿಸಿಯಾಗುವ ಸಾಮಾನು ಅಂತ ಒಂದು ಒಗಟೂ ಆಗುತ್ತದೆ. ಆದರೆ ‘ಶಾಕಬ್ಸರನ್ನು ಸ್ವಲ್ಪ ತಣಿಸಿ’ ಅಂದರೆ ಯಾರಾದರೂ ನೀರು ಸುರಿದಾರು.

ಸದ್ಯಕ್ಕೆ ಸ್ಪ್ರಿಂಗಿಗೆ ಬಿರುಸು–ಮೆತ್ತಗೆ, ಶಾಕಬ್ಸರಿಗೆ ‘ಹಿಡಿತ ಜಾಸ್ತಿ–ಕಡಿಮೆ’ ಅಂತ ಇಟ್ಟಿದ್ದೇನೆ. ಇದರಿಂದ ಇನ್ನೊಂದು ಪದ ಕೈ ತಪ್ಪಿತು. ಸ್ಟೀರಿಂಗಿನ ಮೇಲಿನ ಹಿಡಿತ, ರಸ್ತೆ ಮೇಲೆ ಟೈರಿನ ಹಿಡಿತ, ಇವನ್ನೆಲ್ಲ ಏನನ್ನಬೇಕು? ಟೈರಿಗೆ ಡ್ರೈವರುಗಳ ಮಾತು ಇದೆ: ‘ಗಾಡಿ ರೋಡಿಗೆ ಕಚ್ಕೊಂಡು ಹೋಗುತ್ತೆ.’ ಸ್ಟೀರಿಂಗಿಗೆ ‘ಗಾಡಿ ಮಾತು ಕೇಳುತ್ತೆ’ ಅಂತ ಬರೆದಿದ್ದೇನೆ. ಜಾಸ್ತಿ ಸಲಿಗೆಯಾಯಿತೇ?

ಇಲ್ಲಿ ಪದ ಸರಿ ಇರಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಹಿಡಿತ ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ರಸ್ತೆಗೆ ಅಡ್ಡಲಾಗಿ ಸಾಲಾಗಿ ಬಳಿದಿರುವ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋಗಿ ನೋಡಿ. ಮೇಲೇಳುವಾಗಿನ ಹಿಡಿತ ವಿಪರೀತ ಇದ್ದರೆ, ಸ್ಪ್ರಿಂಗು ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಪಟ್ಟಿ ಬರುತ್ತದೆ. ಪ್ರತಿ ಪಟ್ಟಿಗೂ ಕಾರು ಇಷ್ಟಿಷ್ಟೇ ಕುಸಿಯುತ್ತದೆ. ಕೊನೆಗೆ ಕುಗ್ಗಲು ಜಾಗವೇ ಇಲ್ಲದೆ ಧಡ್ ಧಡ್ ಅಂತ ಕುಕ್ಕುತ್ತದೆ. ಕಡಿಮೆಯಾದರೂ ಕಷ್ಟವೇ. ಬೆಂಗಳೂರು ಸುತ್ತುವ ನೈಸ್ ರಸ್ತೆಯಂಥ ಕಡೆ ವೇಗದಲ್ಲಿ ದೋಣಿ ತೇಲಿದ ಹಾಗೆ ಓಲಾಡುತ್ತದೆ. ಇದರಲ್ಲಿ ‘ಕುಕ್ಕು’, ‘ಓಲಾಡು’ ಎರಡನ್ನೂ ಹಾಳೆಗೆ ಹಾಗೇ ಹಾಕಿದ್ದೇನೆ. ‘ಎತ್ತೆತ್ತಿ ಹಾಕುತ್ತೆ’ ಕೂಡ ಹಿಂದಿನ ಸೀಟಿನವರ ದೂರಿಗೆ ಸರಿಯಾದ ಮಾತು.

ಈಗ ‘ಟಕ್ಕು’. ಗುಬುಟು ಬಲಕ್ಕೆ ತಿರುಗಿಸಿದರೆ ಹಿಡಿತ ಜಾಸ್ತಿ, ಎಡಕ್ಕೆ ಕಡಿಮೆ; ತಿರುಗಿಸಿದಾಗ ಟಕ್ ಟಕ್ ಅಂತ ಒಂದೊಂದೇ ಹಲ್ಲು ಕೂರುತ್ತದೆ. ಇವರು ಹಾಕುವುದರಲ್ಲಿ ಅಂಥವು 24 ಇವೆ. ಗ್ಯಾರೇಜಿನಲ್ಲಿ ‘ಹತ್ತು ಟಕ್ಕು ಬಿಡಿ’ ಅನ್ನುತ್ತಾರೆ. ನಮಗೋ ಟಕ್ಕು ಅಂದರೆ ಮೋಸ! ಹತ್ತು ಮೋಸ ಮಾಡಿ ಅಂತ ಬರೆಯಲೇ? ‘ಕ್ಲಿಕ್’ ಅಂದರೆ ಮೌಸು, ಫೋಟೋ ನೆನಪಾಗುತ್ತದೆ. ‘ಹಲ್ಲು’ ಅಂದರೆ ಗೇರಿನ ಹಲ್ಲು ಅಂದುಕೊಳ್ಳುತ್ತಾರೆ. ಬರೆದ ಕರಡು ಹೀಗಿದೆ, ತಿದ್ದಿ:

‘ಮೊದಲು ಟೈರು ತಣ್ಣಗಿರುವಾಗ ಗಾಳಿ ನೋಡಿ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಇರುವಷ್ಟೇ ಇರಲಿ. ಗುಬುಟನ್ನು ಬಲಕ್ಕೆ ನಿಲ್ಲುವವರೆಗೆ ತಿರುಗಿಸಿ, ಬಲವಂತ ಬೇಡ. ಅಲ್ಲಿಂದ ಎಡಕ್ಕೆ ಹನ್ನೆರಡು ಟಕ್ಕು ಎಣಿಸಿ. ಎಡ ಚಕ್ರಕ್ಕೆ ಎಷ್ಟೋ ಬಲ ಚಕ್ರಕ್ಕೂ ಅಷ್ಟೇ. ದಿನಾ ಹೋಗುವ ರಸ್ತೆಯಲ್ಲಿ, ದಿನಾ ಹೋಗುವ ವೇಗದಲ್ಲಿ ಓಡಿಸಿ. ಕುಕ್ಕಿದರೆ ಇನ್ನೆರಡು ಟಕ್ಕು ಎಡಕ್ಕೆ. ಓಲಾಡಿದರೆ ಎರಡು ಬಲಕ್ಕೆ. ಒಂದು ಸಲಕ್ಕೆ ಮುಂದಿನದು ಇಲ್ಲವೇ ಹಿಂದಿನದು ಮಾತ್ರ. ಬರೆದಿಡಿ.’

ರಸ್ತೆಯ ಹಂಪ್‌ಗೆ (ಸ್ಪೀಡ್ ಬ್ರೇಕರಿಗೆ) ಬೋರ್ಡಿನ ಮೇಲೆ ‘ರಸ್ತೆ ಉಬ್ಬು’ ಅಂತ ಒಳ್ಳೆಯ ಪದ ಇದೆ, ಅದನ್ನೇ ಬಳಸಿದ್ದೇನೆ. ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಉಬ್ಬು, ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮ ಬೀದಿಯದು ಅಡ್ಡ ಮಲಗಿದ ತೆಂಗಿನ ಮರ. ಅದಕ್ಕೆ ಬೇರೆ ಪದ ಬೇಕೇನೋ!

ಕೊನೆಗೆ ಒಂದು ಹಳೇ ಅನುಮಾನ. ಸ್ಪ್ರಿಂಗಿಗೆ ನಮ್ಮ ತಾತ ‘ಕಮಾನು’ ಅನ್ನುತ್ತಿದ್ದರು, ಜಟಕಾ ಗಾಡಿಯ ಅಡಿಯಲ್ಲಿ ಬಾಗಿದ ಉಕ್ಕಿನ ಪಟ್ಟಿಗೆ. ಅಜ್ಜಿಗೆ ‘ಕಮಾನು ಗಾಡಿ’ ಅಂದರೆ ಮೇಲೆ ಬಿದಿರು ಬಾಗಿಸಿ ಚಾಪೆ ಹೊದಿಸಿದ ಎತ್ತಿನ ಗಾಡಿ. ನಿಮ್ಮೂರಿನ ಕಮಾನು ಗಾಡಿಯ ಮೇಲಿತ್ತೋ ಕೆಳಗಿತ್ತೋ? ಲಾರಿಯವರು ಆ ಪಟ್ಟಿಗೆ ಈಗ ಏನನ್ನುತ್ತಾರೆ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ತಿಳಿಸಿ.

ಹಾಳೆ ಶನಿವಾರ ಪ್ರಿಂಟಿಗೆ ಹೋಗಬೇಕು. ಅಷ್ಟರೊಳಗೆ ಬೇರೆ ಪದ ಸಿಗದಿದ್ದರೆ ಟಕ್ಕು ಟಕ್ಕಾಗಿಯೇ ಇರುತ್ತದೆ.