ಫೋರ್ಟ್ ಕೊಚ್ಚಿಯ ಹಳೇ ಮನೆ ಹೋಟೆಲು: ರಾತ್ರಿಗೆ 7,400 ಕೊಡಬಹುದಾ?

ಬಸವನಹಳ್ಳಿ ರೋಡ್:
ದಸರಾ ರಜೆಗೆ ಕೊಚ್ಚಿಗೆ ಹೋಗಿ ಬಂದ್ವಿ. ಚಾರ್ಮಾಡಿ ಇಳಿದು ಮಂಗಳೂರಲ್ಲಿ ರೈಲು ಹತ್ತಿದ್ದು. ಉಳ್ಕೊಂಡಿದ್ದು ಫೋರ್ಟ್ ಕೊಚ್ಚಿಯ ಹಳೇ ಪೇಟೆಯೊಳಗೆ, ಎಂಟೇ ರೂಮಿನ ಬುಟೀಕ್ ಹೋಟೆಲಲ್ಲಿ. ಡಚ್ಚರ ಕಾಲದ ಮನೆ. ಮೊಳ ದಪ್ಪದ ಗೋಡೆ, ಸುಣ್ಣದ ಗಾರೆ, ಮರದ ಮಹಡಿ, ನಡುವೆ ತೊಟ್ಟಿ, ಮೇಲೆ ಮಂಗಳೂರು ಹೆಂಚು. ರಾತ್ರಿಗೆ 7,400, ತಿಂಡಿ ಸೇರಿ, ಟ್ಯಾಕ್ಸ್ ಬೇರೆ. ನಮ್ಮನೆಯವರು ಗೊಣಗಿದ್ರು, ನನಗಂತೂ ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ಬಾಗಿಲಿನ ಹಳೇ ಹಿತ್ತಾಳೆ ಅಗುಳಿಯನ್ನ ಕಿತ್ತಿಲ್ಲ, ಎಣ್ಣೆ ಬಿಟ್ಟು ಸಲೀಸಾಗಿ ಸರಿಯೋ ಹಾಗೆ ಇಟ್ಕೊಂಡಿದ್ದಾರೆ. ತಿಂಡಿ ಹೊತ್ತಿಗೆ ಯಜಮಾನರೇ ಬಂದು ಕೂತು ಬೀದಿಯ ಕಥೆ ಹೇಳ್ತಾರೆ. ಚಿಕ್ಕಮಗಳೂರಿನವರು ಅಂದಿದ್ದೇ ತಡ, ನಿಮ್ಮ ಚಂದ್ರಗಿರಿ ಬೆಟ್ಟದ ಕಾಫಿ ಗಿಡವನ್ನ ಡಚ್ಚರು ಜಾವಾಕ್ಕೆ ಸಾಗಿಸಿದ್ದು ಇದೇ ಕೊಚ್ಚಿಯಿಂದ ಅಂದ್ರು. ಮೈ ಜುಂ ಅಂತು. ನಮ್ಮಲ್ಲೋ, ಅಜ್ಜನ ಕಾಲದ ಬಂಗಲೆ ಕೆಡವಿ ಟೈಲ್ಸ್ ಹಾಸಿ ಫೈರ್‌ಕ್ಯಾಂಪ್ ಅಂತ ಬೋರ್ಡ್ ಹಾಕ್ತಾರೆ. ನಮ್ಮ ಹೋಂಸ್ಟೇಯವರು ಅಲ್ಲಿಗೆ ಹೋಗಿ ಕಲಿತು ಬರಬೇಕು.

ಮಲ್ಲಂದೂರು ಹೋಂಸ್ಟೇ:
"ಕಲಿತು ಬರಬೇಕು" ಅಂದ್ರಲ್ಲ ಅಕ್ಕ, ಯಾರು ಯಾರಿಂದ ಕಲೀಬೇಕು? ನಮ್ಮಲ್ಲಿ ತಲೆಗೆ ಎರಡು ಸಾವಿರ. ಅದರಲ್ಲೇ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಊಟ, ರಾತ್ರಿ ಕಡುಬು ಕೋಳಿಸಾರು, ಕೇಳಿದಾಗೆಲ್ಲ ಕಾಫಿ. ನೀವು 7,400 ಕೊಟ್ಟು ತಿಂದಿದ್ದು ಬರೀ ತಿಂಡಿ. ನಮ್ಮನೆ ನಮ್ಮ ಮಾವನ ಅಪ್ಪ ಕಟ್ಟಿಸಿದ್ದು, ಒಂದು ತೊಲೆ ಅಲ್ಲಾಡಿಸಿಲ್ಲ. ಟೈಲ್ಸ್ ಹಾಕಿದವರ ಮೇಲಿನ ಸಿಟ್ಟನ್ನ ಎಲ್ಲರ ಮೇಲೂ ತೀರಿಸ್ಕೋಬೇಡಿ.

ಸಕಲೇಶಪುರ ಎಕ್ಸ್‌ಪ್ರೆಸ್:
7,400 ಯಾಕೆ, 7,600 ಯಾಕಲ್ಲ? 7,500ರವರೆಗೆ ಜಿಎಸ್‌ಟಿ 5 ಪರ್ಸೆಂಟ್, ಅದು ದಾಟಿದ್ರೆ 18. 2025ರ ಸೆಪ್ಟೆಂಬರ್ 22ರಿಂದ ಹೀಗೆ, ಅದಕ್ಕೆ ಮುಂಚೆ ಕೆಳಗಿನ ದರ 12 ಇತ್ತು. 7,500ರ ರೂಮು ಕೈಗೆ ಬರೋದು 7,875ಕ್ಕೆ, 7,600ರದ್ದು 8,968ಕ್ಕೆ. ಬಾಡಿಗೆ ನೂರು ಏರಿದ್ರೆ ಬಿಲ್ಲು 1,093 ಏರುತ್ತೆ. ಅದಕ್ಕೇ ಗೆರೆ ಕೆಳಗೆ ನಿಲ್ಲಿಸಿರೋದು. ಹಳೇ ಅಗುಳಿ, ಬೀದಿ ಕಥೆ ಎಲ್ಲ ಸರಿ, ಅದೇ ರೂಮಿಗೆ ಡಿಸೆಂಬರಲ್ಲಿ ಎಷ್ಟು ಹೇಳ್ತಾರೆ ಅಂತ ಒಂದು ಫೋನ್ ಮಾಡಿ ಕೇಳಿ.

ಬಾಣಾವರದ ಹುಡುಗ:
ಅಕ್ಕ, ಅಮ್ಮನ್ನ ಕರ್ಕೊಂಡು ಹೋಗೋ ಆಸೆ ಇದೆ, ಅವರಿಗೆ ಮಂಡಿನೋವು. ಮೆಟ್ಟಿಲು ಹತ್ತಬೇಕಾ? ಕೆಳಗಡೆ ರೂಮ್ ಸಿಗುತ್ತಾ?

ಬೇಲೂರಿಂದ ಕೊಚ್ಚಿಗೆ:
ಡಿಸೆಂಬರ್ ಅಂದ್ರಲ್ಲ, ನಾನು ಎರ್ನಾಕುಲಂನಲ್ಲೇ ಕೆಲಸದಲ್ಲಿರೋನು, ಕೇಳಿ. 2025ರ ಡಿಸೆಂಬರ್ 12ರಿಂದ 2026ರ ಮಾರ್ಚ್ 31ರವರೆಗೆ ಬಿನಾಲೆ ಅನ್ನೋ ಕಲಾ ಪ್ರದರ್ಶನ. ಅದರ ಮಧ್ಯೆ ಕಾರ್ನಿವಲ್, ಡಿಸೆಂಬರ್ 31ರ ನಡುರಾತ್ರಿ ಪಪ್ಪಾಂಜಿ ಅಂತ ಮುದುಕನ ಬೊಂಬೆ ಸುಡ್ತಾರೆ. ಆ ವಾರ ಫೋರ್ಟ್ ಕೊಚ್ಚಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಎರ್ನಾಕುಲಂನಲ್ಲಿ ಎಸಿ ರೂಮು ಇದರ ಅರ್ಧ ದುಡ್ಡಿಗೆ ಸಿಗುತ್ತೆ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ದೋಣಿ ಹತ್ತಿದ್ರೆ ಕಡಿಮೆ ದುಡ್ಡಿಗೆ ಫೋರ್ಟ್ ಕೊಚ್ಚಿ. ಹಳೇ ಪೇಟೆ ನೋಡೋಕೆ ಹಳೇ ಪೇಟೆಯಲ್ಲೇ ಮಲಗಬೇಕು ಅಂತೇನಿಲ್ಲ.

ಬಸವನಹಳ್ಳಿ ರೋಡ್:
ಮಲಗಲೇಬೇಕು. ದೋಣಿಯಲ್ಲಿ ಹತ್ತು ಗಂಟೆಗೆ ಬಂದು ಐದಕ್ಕೆ ವಾಪಸ್ ಹೋಗೋರಿಗೆ ಕಾಣೋದು ಜನ, ಐಸ್‌ಕ್ರೀಂ ಗಾಡಿ, ಸೆಲ್ಫಿ. ನಾವು ಬೆಳಿಗ್ಗೆ ಆರಕ್ಕೆ ಚಪ್ಪಲಿ ಮೆಟ್ಕೊಂಡು ಹೊರಟ್ರೆ ಎರಡೇ ತಿರುವು, ಚೀನೀ ಬಲೆ. ನಾಲ್ಕೈದು ಜನ ಹಗ್ಗ ಹಿಡಿದು ಎಳೀತಾರೆ, ಒಬ್ಬ ದಿಮ್ಮಿ ಮೇಲೆ ನಡ್ಕೊಂಡು ಹೋಗ್ತಾನೆ, ಅವನ ಭಾರಕ್ಕೆ ಬಲೆ ನೀರಿಗೆ ಇಳಿಯುತ್ತೆ. ಎತ್ತುವಾಗ ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲುಗಳು ಒಂದೊಂದಾಗಿ ಕೆಳಗಿಳಿದು ಬಲೆಯನ್ನ ಮೇಲಕ್ಕೆ ಎಳೆಯುತ್ತವೆ. ಅಷ್ಟೆಲ್ಲ ಮಾಡಿ ಸಿಕ್ಕಿದ್ದು ಒಂದು ಬುಟ್ಟಿಯ ತಳ ಮುಚ್ಚೋವಷ್ಟು ಮೀನು. ನನ್ನ ಮಗ ಅಲ್ಲಿಂದ ಕದಲಲಿಲ್ಲ. ಎರ್ನಾಕುಲಂ ಎಸಿ ರೂಮಿನಲ್ಲಿ ಇದು ಎಲ್ಲಿಂದ ಬರುತ್ತೆ?

ಹಾಸನ ಮೇಷ್ಟ್ರು:
ಮೇಲೆ "ಇದೇ ಕೊಚ್ಚಿಯಿಂದ" ಅಂತ ಬರೆದಿದ್ದೀರಿ, ಅದು ತಪ್ಪು. ಡಚ್ಚರ ಮಲಬಾರ್ ಕಮಾಂಡರ್ ಆಡ್ರಿಯಾನ್ ವಾನ್ ಓಮ್ಮೆನ್ 1696ರಲ್ಲಿ ಕಾಫಿ ಸಸಿಗಳನ್ನು ಜಾವಾಕ್ಕೆ ಕಳಿಸಿದ್ದು ಕಣ್ಣೂರಿನಿಂದ. ಆ ಸಸಿಗಳು ನೆರೆಗೆ ಸಿಕ್ಕಿ ಹಾಳಾದವು, 1699ರಲ್ಲಿ ಮತ್ತೆ ಕಳಿಸಿದವು ಬೇರು ಬಿಟ್ಟವು. ಅವು ಚಂದ್ರಗಿರಿಯ ಗಿಡಗಳು ಅಂತ ಯಾರು ಹೇಳಿದರು? ಇನ್ನು ಮನೆ. ಮಂಗಳೂರು ಹೆಂಚು ಅಂತೀರಿ, ಡಚ್ಚರ ಕಾಲ ಅಂತೀರಿ. ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಡಚ್ಚರು ಕೊಚ್ಚಿ ಕಳ್ಕೊಂಡದ್ದು 1795ರಲ್ಲಿ. 1806ರಲ್ಲಿ ಬ್ರಿಟಿಷರು ಕೋಟೆಯನ್ನು ಸಿಡಿಮದ್ದಿಟ್ಟು ಉರುಳಿಸಿದರು, 1889ರಲ್ಲಿ ದೊಡ್ಡ ಬೆಂಕಿ ಬಿದ್ದು ಪೇಟೆ ಸುಟ್ಟಿತು. ಕಾಗದಪತ್ರ ನೋಡದೆ ಡಚ್ ಮನೆ ಅನ್ನೋದಕ್ಕೆ ನಾನು ಒಪ್ಪಲಾರೆ.

ಮೂಡಿಗೆರೆ ಪ್ಲಾಂಟರ್:
"ಯಾರು ಹೇಳಿದರು" ಅಂತ ಕೇಳ್ತೀರಲ್ಲ ಮೇಷ್ಟ್ರೇ, ಆಗ ಈ ದೇಶದಲ್ಲಿ ಕಾಫಿ ಗಿಡ ಇನ್ನೆಲ್ಲಿತ್ತು ಅಂತ ನೀವೇ ಹೇಳಿ. ಸೂಫಿ ಸಂತ ಬಾಬಾ ಬುಡನ್ ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ಚಂದ್ರಗಿರಿಯಲ್ಲಿ ಹಾಕಿದ್ದು 1670ರ ಸುಮಾರಿಗೆ. ಅರೇಬಿಕಾ ಮೂರು ನಾಲ್ಕು ವರ್ಷಕ್ಕೆ ಹಣ್ಣು ಬಿಡುತ್ತೆ. 1696ರ ಹೊತ್ತಿಗೆ ಆ ಬೀಜದ ಮೊಮ್ಮಕ್ಕಳು ಘಟ್ಟದ ಕೆಳಗೂ ಇಳಿದಿರುತ್ತವೆ. ಇದಕ್ಕೆ ಕಾಗದಪತ್ರ ಬೇಕಾ? ತೋಟದಲ್ಲಿ ಒಂದು ಮಳೆಗಾಲ ಕಳೆದವನಿಗೆ ಗೊತ್ತಾಗೋ ಮಾತು.

ಹಾಸನ ಮೇಷ್ಟ್ರು:
"ಸುಮಾರಿಗೆ" ಅಂದಿರಿ, ಸರಿಯಾಗಿಯೇ ಅಂದಿರಿ. 1600 ಅಂತ ಬರೆದವರಿದ್ದಾರೆ, 1695 ಅಂತ ಬರೆದವರೂ ಇದ್ದಾರೆ. 1695 ಆದರೆ ಮರುವರ್ಷವೇ ಅದರ ಸಸಿ ಹಡಗು ಹತ್ತಿತೇ? ಡಚ್ಚರು 1616ರಲ್ಲೇ ಮೋಕಾದಿಂದ ಗಿಡ ಒಯ್ದವರು. 1658ರಲ್ಲಿ ಸಿಲೋನಿನಲ್ಲಿ ಕಾಫಿ ನೆಟ್ಟವರು. ಅವರಿಗೆ ನಮ್ಮ ಬೆಟ್ಟದ ಹಂಗಿರಲಿಲ್ಲ. ಮಳೆಗಾಲ ಕಳೆಯುವುದು ಇತಿಹಾಸ ಓದುವುದಕ್ಕೆ ಬದಲಿ ಅಲ್ಲ.

ಮೂಡಿಗೆರೆ ಪ್ಲಾಂಟರ್:
ಸಿಲೋನಲ್ಲಿ ನೆಟ್ಟಿದ್ರೆ ಸಿಲೋನಿಂದಲೇ ಜಾವಾಕ್ಕೆ ಕಳಿಸಬೇಕಿತ್ತಲ್ಲ? ಅದೂ ಅವರದ್ದೇ ದ್ವೀಪ, ದಾರಿಯೂ ಹತ್ತಿರ. ಅದನ್ನ ಬಿಟ್ಟು ಮಲಬಾರಿಂದ ಯಾಕೆ ಕಳಿಸಿದ್ರು? ಉತ್ತರ ಕೊಡಿ.

ಹಾಸನ ಮೇಷ್ಟ್ರು:
"ಯಾಕೆ" ಅನ್ನುವುದು ಪ್ರಶ್ನೆ, ಪುರಾವೆ ಅಲ್ಲ. ಅರಬ್ ವ್ಯಾಪಾರಿಗಳ ಹಡಗು ಕಣ್ಣೂರಿಗೆ ಶತಮಾನಗಳಿಂದ ಬರುತ್ತಿತ್ತು. ಮೋಕಾದ ಬೀಜ ಅಲ್ಲಿಗೆ ನೇರವಾಗಿ ಸಮುದ್ರದ ಮೇಲೆ ಬರಬಹುದು, ಬೆಟ್ಟ ಹತ್ತಿ ಇಳಿಯಬೇಕಾಗಿಲ್ಲ.

ಮೂಡಿಗೆರೆ ಪ್ಲಾಂಟರ್:
"ಬರಬಹುದು"! ನಾನು "ಇಳಿದಿರುತ್ತವೆ" ಅಂದ್ರೆ ಕಾಗದಪತ್ರ ಕೇಳ್ತೀರಿ, ನೀವು "ಬರಬಹುದು" ಅಂದ್ರೆ ಇತಿಹಾಸ. ಇದು ಎಲ್ಲಿಯ ನ್ಯಾಯ ಮಾರಾಯ್ರೆ? ಅರಬರು ಮೊಳಕೆ ಬರೋ ಬೀಜ ಹೊರಗೆ ಬಿಡ್ತಿರಲಿಲ್ಲ, ಬೇಯಿಸಿಯೋ ಹುರಿದೋ ಮಾರ್ತಿದ್ರು. ಅದಕ್ಕೇ ಬಾಬಾ ಬುಡನ್ ಬಚ್ಚಿಟ್ಕೊಂಡು ತರಬೇಕಾಗಿದ್ದು. ನಾಲ್ಕು ತಲೆಮಾರಿಂದ ಆ ಬೆಟ್ಟದ ನೆರಳಲ್ಲಿ ಬದುಕಿದವರು ನಾವು. ಹಾಸನದಲ್ಲಿ ಕೂತು ನಮ್ಮ ಬೆಟ್ಟದ ಹೆಸರು ಅಳಿಸೋಕೆ ಬರಬೇಡಿ.

ಬೇಲೂರಿಂದ ಕೊಚ್ಚಿಗೆ:
ಮೇಷ್ಟ್ರೇ, ಕಣ್ಣೂರು ಕಣ್ಣೂರು ಅಂತೀರಿ. ಮಲಬಾರ್ ಕಮಾಂಡರಿನ ಕಚೇರಿ ಇದ್ದಿದ್ದು ಕೊಚ್ಚಿಯಲ್ಲಿ. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿ ಕಿತ್ಕೊಂಡ ಮೇಲೆ ಡಚ್ಚರ ಇಡೀ ಮಲಬಾರ್ ಕಾರುಬಾರು ಅಲ್ಲಿಂದಲೇ ನಡೀತಿತ್ತು. ಹೋಟೆಲ್ ಯಜಮಾನರು ಹೇಳಿದ್ದರಲ್ಲಿ ಏನು ತಪ್ಪು?

ಹಾಸನ ಮೇಷ್ಟ್ರು:
ಅಪ್ಪಣೆ ಹೊರಟ ಊರು ಬೇರೆ, ಹಡಗು ಹೊರಟ ಊರು ಬೇರೆ. ಆ ಯಜಮಾನರು ಹೇಳಿದ್ದು ಸಾಗಿಸಿದ್ದು ಅಂತ.

ಸಕಲೇಶಪುರ ಎಕ್ಸ್‌ಪ್ರೆಸ್:
ಕಣ್ಣೂರೋ ಕೊಚ್ಚಿಯೋ ಬಿಡಿ, ಜಾವಾದ ಆ ಗಿಡ 1706ರಲ್ಲಿ ಆಂಸ್ಟರ್‌ಡ್ಯಾಂಗೆ ಹೋಯ್ತು, ಅದರ ಸಂತಾನ 1714ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿಗೆ ಉಡುಗೊರೆ. ಅಲ್ಲಿಂದ ಕೆರಿಬಿಯನ್, ಅಮೆರಿಕ. ಅಂದ್ರೆ ಅರ್ಧ ಪ್ರಪಂಚದ ಅರೇಬಿಕಾ ನಮ್ಮ ಕಡೆಯದ್ದು. ಅಷ್ಟು ದೊಡ್ಡ ಹೆಮ್ಮೆ ಇರುವಾಗ ಬಂದರಿನ ಹೆಸರಿಗೆ ಜಗಳ ಯಾಕೆ?

ಮೂಡಿಗೆರೆ ಪ್ಲಾಂಟರ್:
"ನಮ್ಮ ಕಡೆಯದ್ದು" ಅಂತ ಯಾಕೆ ಸುತ್ತಿ ಬಳಸಿ ಹೇಳ್ತೀಯಪ್ಪ? ಚಂದ್ರಗಿರಿಯದ್ದು ಅಂತ ನೇರವಾಗಿ ಹೇಳು.

ಮಲ್ಲಂದೂರು ಹೋಂಸ್ಟೇ:
ನನ್ನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ಬಸವನಹಳ್ಳಿ ಅಕ್ಕ, ಅಷ್ಟು ಕಾಫಿ ಕಥೆ ಹೇಳಿದ ಯಜಮಾನರು ನಿಮಗೆ ಕುಡಿಸಿದ್ದು ಯಾವ ಕಾಫಿ?

ಬಸವನಹಳ್ಳಿ ರೋಡ್:
ಫಿಲ್ಟರ್ ಕಾಫಿ. ತಿಂಡಿ ಮೇಜಿನ ಪಕ್ಕದ ಕಪಾಟಿನಲ್ಲಿ ಗಾಜಿನ ಜಾಡಿ ಇತ್ತು, ಮೇಲೆ ಚಿಕ್ಕಮಗಳೂರು ಅರೇಬಿಕಾ ಅಂತ ಚೀಟಿ ಅಂಟಿಸಿದ್ರು. ಚಿಕೋರಿ ಇಲ್ಲದ ಪುಡಿ. ನಮ್ಮೂರ ಎಷ್ಟು ಹೋಂಸ್ಟೇಯಲ್ಲಿ ಚಿಕೋರಿ ಇಲ್ಲದ ಕಾಫಿ ಕೊಡ್ತಾರೆ ಹೇಳಿ.

ಮಲ್ಲಂದೂರು ಹೋಂಸ್ಟೇ:
ನಮ್ಮೂರ ಕಾಫಿಯನ್ನ ಅಲ್ಲಿಗೆ ಹೋಗಿ 7,400ಕ್ಕೆ ಕುಡಿದು ಬಂದು ನಮಗೆ ಪಾಠ. ನಮ್ಮ ಮನೆಯಲ್ಲಿ ನಮ್ಮದೇ ಗಿಡದ ಹಣ್ಣು, ಅಂಗಳದಲ್ಲಿ ಒಣಗಿಸಿ ನಾನೇ ಹುರಿಯೋದು. ಚಿಕೋರಿ ಹಾಕೋದು ಬಂದವರು ಕೇಳ್ತಾರೆ ಅಂತ. ಬೆಂಗಳೂರವರಿಗೆ ಗಟ್ಟಿ ಡಿಕಾಕ್ಷನ್ ಬೇಕು, ಚಿಕೋರಿ ಇಲ್ಲದಿದ್ರೆ ತೆಳ್ಳಗಿದೆ ಅಂತ ರಿವ್ಯೂ ಬರೀತಾರೆ. ವಾರದ ಮಧ್ಯೆ ರೂಮು ಖಾಲಿ, ಶನಿವಾರ ಬಂದವರಿಗೆ ಫೈರ್‌ಕ್ಯಾಂಪ್ ಇಲ್ಲ ಅಂದ್ರೆ ಪಕ್ಕದ ಮನೆಗೆ ಹೋಗ್ತಾರೆ. ನಮ್ಮಲ್ಲಿಗೆ ಬಂದು ಅಗುಳಿ ನೋಡಿ ಮೆಚ್ಚೋರನ್ನ ನೀವೇ ಕಳಿಸಿಕೊಡಿ, ಅಗುಳಿಗೆ ಎಣ್ಣೆ ನಾನೂ ಬಿಡ್ತೀನಿ.

ಬಸವನಹಳ್ಳಿ ರೋಡ್:
"ಬಂದವರು ಕೇಳ್ತಾರೆ" ಅನ್ನೋದೇ ನನ್ನ ತಕರಾರು. ಆ ಮನೆಯವರನ್ನೂ ಟಿವಿ ಕೇಳಿದ್ರು ಒಬ್ಬರು, ನನ್ನ ಕಣ್ಣೆದುರಿಗೇ. ರೂಮಲ್ಲಿ ಟಿವಿ ಇಲ್ಲ, ಹಾಕೋದೂ ಇಲ್ಲ ಅಂತ ಮೆತ್ತಗೆ ಹೇಳಿದ್ರು. ಕೇಳಿದವರು ಹಾಗೇ ಉಳ್ಕೊಂಡ್ರು, ಎದ್ದು ಹೋಗಲಿಲ್ಲ. ಮೇಷ್ಟ್ರೇ, ಹೆಂಚಿನ ಬಗ್ಗೆ: ಮಾಡಿನ ಹೆಂಚು ಬದಲಾಯಿಸಿದ್ರೆ ಗೋಡೆ ವಯಸ್ಸು ಕಮ್ಮಿ ಆಗುತ್ತಾ?

ಹಾಸನ ಮೇಷ್ಟ್ರು:
ಗೋಡೆಯ ವಯಸ್ಸು ನನಗೂ ತಿಳಿಯದು, ನಿಮಗೂ ತಿಳಿಯದು, ಬಾಡಿಗೆ ಮಾತ್ರ ಡಚ್ಚರ ಹೆಸರಿನಲ್ಲಿ. ಅದೇ ಪೇಟೆಯಲ್ಲಿ ತಾರೀಕು ಗೊತ್ತಿರುವುದನ್ನು ನೋಡಬೇಕಾದರೆ ಸಂತ ಫ್ರಾನ್ಸಿಸ್ ಚರ್ಚ್ ಇದೆ, 1503ರಲ್ಲಿ ಶುರುವಾದದ್ದು. ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂಳಿದ ಜಾಗ ಅಲ್ಲೇ. ಮಟ್ಟಂಚೇರಿಯ ಯಹೂದ್ಯರ ಸಿನಗಾಗ್ 1568ರದ್ದು. ಇವನ್ನು ನೋಡಲು 7,400 ಬೇಡ.

ಬೇಲೂರಿಂದ ಕೊಚ್ಚಿಗೆ:
ಸಿನಗಾಗ್ ಅಂದ್ರಲ್ಲ, ಶನಿವಾರ ಅದು ಮುಚ್ಚಿರುತ್ತೆ. ಮಟ್ಟಂಚೇರಿ ಅರಮನೆಗೆ ಶುಕ್ರವಾರ ರಜೆ. ವಾರಾಂತ್ಯಕ್ಕೆ ಓಡಿ ಬರೋರು ದಿನ ನೋಡ್ಕೊಂಡು ಬನ್ನಿ. ಸಮುದ್ರಸ್ನಾನದ ಆಸೆ ಇದ್ರೆ ಫೋರ್ಟ್ ಕೊಚ್ಚಿ ದಡ ಆಗಲ್ಲ, ಅಲೆ ಜಾಗ ತಿಂದಿದೆ, ಮಳೆಗಾಲದಲ್ಲಿ ಹಿನ್ನೀರಿನ ಅಂತರಗಂಗೆ ಕಳೆ ಬಂದು ದಡಕ್ಕೆ ಬೀಳುತ್ತೆ. ವೈಪಿನ್ ದ್ವೀಪಕ್ಕೆ ದಾಟಿ ಅಲ್ಲಿನ ಚೆರಾಯಿ ಬೀಚಿಗೆ ಹೋಗಬೇಕು. ಸೊಳ್ಳೆ ಬಗ್ಗೆ ಅಕ್ಕ ಒಂದು ಮಾತೂ ಬರೆದಿಲ್ಲ, ಅದೂ ಆಶ್ಚರ್ಯ.

ಬಸವನಹಳ್ಳಿ ರೋಡ್:
ಸೊಳ್ಳೆಪರದೆ ಕಟ್ಟಿಕೊಡ್ತಾರೆ. ಮಲೆನಾಡಿನವರಿಗೆ ಸೊಳ್ಳೆ ಹೊಸದಾ?

ಬಾಣಾವರದ ಹುಡುಗ:
ಅಕ್ಕ, ಮೆಟ್ಟಿಲು?

ಬಸವನಹಳ್ಳಿ ರೋಡ್:
ಕೆಳಗಡೆ ಎರಡು ರೂಮಿವೆ ತಮ್ಮ, ತೊಟ್ಟಿ ಪಕ್ಕ. ಫೋನಲ್ಲೇ ಹೇಳಿ ಹಿಡಿದಿಡ್ಕೊ. ಮೇಲಿನದು ಬೇಡವೇ ಬೇಡ, ಮೆಟ್ಟಿಲು ಕಡಿದು, ಒಂದು ಕಡೆ ಮಾತ್ರ ಕಟಾಂಜನ. ಕೆಳಗಿನ ರೂಮಿನವರಿಗೆ ಮೇಲೆ ಓಡಾಡೋ ಸದ್ದು ಕೇಳುತ್ತೆ, ಹಲಗೆ ಮಹಡಿ ಅಲ್ವಾ. ಅಮ್ಮನಿಗೆ ನಿದ್ದೆ ಸೂಕ್ಷ್ಮ ಅಂದ್ರೆ ಅದನ್ನೂ ಯೋಚನೆ ಮಾಡು. ಕಾರು ಒಳಗೆ ಬರಲ್ಲ, ಬೀದಿ ತುದಿಯಿಂದ ನಡೀಬೇಕು, ನೆಲ ಸಮತಟ್ಟಾಗಿದೆ.

ಮಲ್ಲಂದೂರು ಹೋಂಸ್ಟೇ:
ನಮ್ಮಲ್ಲಿ ಕಾರು ಬಾಗಿಲಿಗೇ ಬರುತ್ತೆ. ರೂಮೆಲ್ಲ ಕೆಳಗೇ.

ಮೂಡಿಗೆರೆ ಪ್ಲಾಂಟರ್:
ಮೇಷ್ಟ್ರೇ, ಸಿಲೋನಿನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಹಣ್ಣು ಕುಯ್ಲು ಮುಗಿಲಿ, ಫೆಬ್ರವರಿಯಲ್ಲಿ ಮನೆಯವರನ್ನ ಕರ್ಕೊಂಡು ಅದೇ ಹೋಟೆಲಿಗೆ ಹೋಗ್ತೀನಿ. 7,400 ಅಲ್ಲ, 9,000 ಆದ್ರೂ ಕೊಡ್ತೀನಿ. ಚಂದ್ರಗಿರಿಯ ಹೆಸರನ್ನ ಬಂದವರಿಗೆಲ್ಲ ಹೇಳೋ ಮನುಷ್ಯ ಅವರು.

ಹಾಸನ ಮೇಷ್ಟ್ರು:
ಧಾರಾಳವಾಗಿ ಹೋಗಿ. ಮಂಗಳೂರಿನಿಂದ ರೈಲು ಕಣ್ಣೂರಿನ ಮೇಲೆಯೇ ಹೋಗುತ್ತದೆ. ಇಳಿದು ಸಂತ ಆಂಜೆಲೋ ಕೋಟೆ ನೋಡಿ, 1663ರಿಂದ ಅದೂ ಡಚ್ಚರ ಕೈಯಲ್ಲಿತ್ತು. ಸಸಿಗಳು ಹಡಗು ಹತ್ತಿದ್ದು ಆ ಊರಿನಲ್ಲಿ.

ಮೂಡಿಗೆರೆ ಪ್ಲಾಂಟರ್:
ಹತ್ತಿದ್ದು ಎಲ್ಲಾದ್ರೂ ಇರಲಿ, ಹುಟ್ಟಿದ್ದು ಎಲ್ಲಿ ಅಂತ ಹೇಳಿ.