ಗೋದಾಮಿನಲ್ಲಿ ಸರಕು ಆಯುವವರ ನಡಿಗೆ ತಗ್ಗಿಸುವುದು ಹೇಗೆ?

ಪ್ರಶ್ನೆ: ನೆಲಮಂಗಲದ ಹತ್ತಿರ ನಮ್ಮದೊಂದು ಔಷಧ ಸಗಟು ಗೋದಾಮಿದೆ. ತಲಾ 30 ಮೀಟರ್ ಉದ್ದದ 8 ಓಣಿಗಳಿವೆ. ಆರ್ಡರಿನಲ್ಲಿ ಬರೆದ ಕ್ರಮದಲ್ಲೇ ಔಷಧ ಆಯುವುದರಿಂದ ಹುಡುಗರು ದಿನವಿಡೀ ನಡೆಯುತ್ತಲೇ ಇರುತ್ತಾರೆ. ದಾರಿ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಕೊಳ್ಳಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಸಾಫ್ಟ್‌ವೇರಿಗೆ ಹಣ ಹಾಕುವ ಮೊದಲು ಬಿನ್ (ಸರಕಿಡುವ ಖಾನೆ) ಸಂಖ್ಯೆಗಳನ್ನು ಸರಿಪಡಿಸಿಕೊಳ್ಳಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಬಿಡಿಭಾಗಗಳ ಗೋದಾಮಿನಲ್ಲಿ ಎದುರುಬದುರಾಗಿದ್ದ ರ‍್ಯಾಕುಗಳಿಗೆ ಬೇರೆ ಬೇರೆ ಅಕ್ಷರ ಕೊಟ್ಟಿದ್ದರು. ಪಿಕ್ ಲಿಸ್ಟ್ (ಆಯಬೇಕಾದ ಸರಕಿನ ಪಟ್ಟಿ) ಅದೇ ಕ್ರಮದಲ್ಲಿ ಮುದ್ರಣವಾಗುತ್ತಿದ್ದುದರಿಂದ, 'ಎ' ರ‍್ಯಾಕಿನ ಸಾಮಾನು ಆಯುತ್ತಾ ಓಣಿಯ ಕೊನೆ ಮುಟ್ಟಿದವನು 'ಬಿ' ರ‍್ಯಾಕಿನ ಮೊದಲ ಬಿನ್ನಿಗಾಗಿ ಅದೇ ಓಣಿಯಲ್ಲಿ ಹಿಂದಿರುಗಬೇಕಾಗುತ್ತಿತ್ತು. ಎಡಕ್ಕೆ ಬೆಸ, ಬಲಕ್ಕೆ ಸಮ ಎಂದು ಇಡೀ ಓಣಿಗೆ ಒಂದೇ ಎಣಿಕೆ ಬರೆಸಿ, ಒಂದು ಓಣಿಯನ್ನು ಏರಿಕೆಯಲ್ಲಿ, ಮುಂದಿನದನ್ನು ಇಳಿಕೆಯಲ್ಲಿ ಮುದ್ರಿಸಿದ ಮೇಲೆ ಹಾವಿನ ನಡೆಯಂಥ ದಾರಿ ತಾನಾಗಿಯೇ ದೊರೆಯಿತು. ಇಲ್ಲೊಂದು ಎಚ್ಚರಿಕೆ ಬೇಕು: 2ನೇ ಓಣಿಯಲ್ಲಿ ಏನೂ ಬೇಡವಾದರೆ 3ನೆಯದು ಇಳಿಕೆಯಾಗಬೇಕು, ಏಕೆಂದರೆ ಆಳು ಆಗ ಹಿಂಬದಿಯಲ್ಲಿರುತ್ತಾನೆ. ಆದ್ದರಿಂದ ಹೋಗಬೇಕಾದ ಓಣಿಗಳನ್ನಷ್ಟೇ ಎಣಿಸಿ ದಿಕ್ಕು ನಿರ್ಧರಿಸಿ. ಇದಕ್ಕೆ ಎಕ್ಸೆಲ್ ಸಾಕು.

ಉತ್ತರ 2: ಮೇಲಿನ ಮಾತು ಸರಿ, ಆದರೆ ಔಷಧದ ಆರ್ಡರಿನಲ್ಲಿ ಒಂದು ಓಣಿಯಿಂದ ಎರಡು ಮೂರು ಪದಾರ್ಥವಷ್ಟೇ ಬೇಕಾಗಿದ್ದರೆ ಇಡೀ ಓಣಿ ದಾಟುವುದು ದಂಡ. ಮುಂಬದಿಯಿಂದ 3, 5 ಮತ್ತು 26 ಮೀಟರ್‌ಗಳಲ್ಲಿ ಔಷಧಗಳಿವೆ ಎನ್ನಿ. ನಡುವಿನ 21 ಮೀಟರ್ ಖಾಲಿ ಜಾಗವನ್ನು ಬಿಟ್ಟು, ಮುಂದಿನಿಂದ 5 ಮೀಟರ್, ಹಿಂದಿನಿಂದ 4 ಮೀಟರ್ ಹೋಗಿ ಬಂದರೆ ನಡಿಗೆ 30ರ ಬದಲು 18 ಮೀಟರ್ ಆಗುತ್ತದೆ. ಇದಕ್ಕೆ ಓಣಿಗಳ ತುದಿಗಳನ್ನು ಜೋಡಿಸುವ ಹಿಂಬದಿಯ ಅಡ್ಡದಾರಿ ತೆರವಾಗಿರಬೇಕು, ಮತ್ತು ಹಿಂಬದಿಗೆ ಹೋಗಲು ಹಾಗೂ ಮುಂಬದಿಗೆ ಮರಳಲು ಮೊದಲ ಹಾಗೂ ಕೊನೆಯ ಓಣಿಗಳನ್ನು ಪೂರ್ತಿ ದಾಟಲೇಬೇಕು. ಟ್ರಾಲಿಯನ್ನು ಓಣಿಯ ಬಾಯಲ್ಲೇ ನಿಲ್ಲಿಸಿ ಹೋಗುವುದು ಒಳ್ಳೆಯದು. ಮುಂದೆ ಹಿಂದೆ ಮಾತ್ರ ಅಡ್ಡದಾರಿಯಿರುವ ನಿಮ್ಮಂಥ ಆಯತಾಕಾರದ ಗೋದಾಮಿಗೆ ಅತಿ ಕಡಿಮೆ ದೂರದ ದಾರಿಯನ್ನು ನಿಖರವಾಗಿ, ಬೇಗನೆ ಕಂಡುಹಿಡಿಯುವ ವಿಧಾನವನ್ನು ಸಂಶೋಧಕರಾದ ರ‍್ಯಾಟ್ಲಿಫ್ ಮತ್ತು ರೋಸೆಂತಾಲ್ 1983ರಲ್ಲೇ ಪ್ರಕಟಿಸಿದ್ದಾರೆ. ಸಾಫ್ಟ್‌ವೇರ್ ಕೊಳ್ಳುವುದೇ ಆದರೆ ಅದು ಈ ಲೆಕ್ಕ ಮಾಡುತ್ತದೆಯೇ ಎಂದು ಮಾರುವವರನ್ನು ಕೇಳಿ.

ಉತ್ತರ 3: ನಮ್ಮಲ್ಲಿ ಹೆಚ್ಚು ಉಳಿತಾಯವಾದದ್ದು ನಾಲ್ಕು ಅಂಗಡಿಗಳ ಸಣ್ಣ ಆರ್ಡರುಗಳನ್ನು, ಹೆಸರು ಬರೆದ ನಾಲ್ಕು ಕ್ರೇಟುಗಳಿರುವ ಒಂದೇ ಟ್ರಾಲಿಯಲ್ಲಿ ಒಟ್ಟಿಗೆ ಆಯ್ದಾಗ. ಒಂದೇ ಮಾತ್ರೆಯ ಎರಡು ಬ್ಯಾಚುಗಳು ಬೇರೆ ಬಿನ್ನುಗಳಲ್ಲಿದ್ದರೆ, ಬೇಗ ಅವಧಿ ಮುಗಿಯುವ ಬ್ಯಾಚಿನ ಬಿನ್ ಸಂಖ್ಯೆಯನ್ನೇ ಪಟ್ಟಿಯಲ್ಲಿ ಮುದ್ರಿಸಿ. ಇಲ್ಲವಾದರೆ ಹುಡುಗರು ಹತ್ತಿರದ್ದನ್ನು ತೆಗೆದುಕೊಳ್ಳುತ್ತಾರೆ, ದೂರದ್ದು ರ‍್ಯಾಕಿನಲ್ಲೇ ಅವಧಿ ಮೀರುತ್ತದೆ.