ಓದುಗರ ಸ್ಪಂದನ: ಅಷ್ಟು ದೊಡ್ಡ ಸಾಲಿಯಲ್ಲಿ ನನ್ನ ಮಗಳನ್ನು ಯಾರು ನೋಡುತ್ತಾರೆ?

ಸಮಸ್ಯೆ: ಕಲಬುರಗಿಯಿಂದ ಮುಕ್ಕಾಲು ತಾಸಿನ ದಾರಿಯಲ್ಲಿ ನಮ್ಮ ಊರು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿದ್ದಾಳೆ. ಎಂಟಕ್ಕೆ ಶಹರದ ದೊಡ್ಡ ಸರ್ಕಾರಿ ಹೈಸ್ಕೂಲಿಗೆ ಹಾಕಬೇಕು ಅಂತ ನನ್ನ ಆಸೆ. ಆದರೆ 'ಅಲ್ಲಿ ಸಂತಿ ಇದ್ದಂಗ ಇರ್ತದ, ಓದು ಎಲ್ಲಿ' ಎಂದು ಮಂದಿ ಹೆದರಿಸುತ್ತಾರೆ. ಯಜಮಾನರು ಸಾಲ ಮಾಡಿಯಾದರೂ ಇಂಗ್ಲಿಷ್ ಮೀಡಿಯಂಗೆ ಹಾಕೋಣ ಎನ್ನುತ್ತಾರೆ. ಪಕ್ಕದ ಊರಲ್ಲಿ ಒಂದು ಸಣ್ಣ ಸರ್ಕಾರಿ ಹೈಸ್ಕೂಲೂ ಇದೆ. ಮಗಳು ಮೆತ್ತಗಿನವಳು, ಎದ್ದು ನಿಂತು ಕೇಳುವವಳಲ್ಲ. ಏನು ಮಾಡಲಿ?
— ಒಬ್ಬ ತಾಯಿ, ಆಳಂದ ತಾಲ್ಲೂಕು

*

ಅಕ್ಕಾ, ನನ್ನ ಮಗಳೂ ನಿಮ್ಮ ಮಗಳ ಹಾಗೇ. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ದೊಡ್ಡ ಹೈಸ್ಕೂಲಿಗೆ ಹಾಕಿದೆ. ಅವಳ ಸೆಕ್ಷನ್‌ನಲ್ಲಿ 78 ಮಕ್ಕಳು. ಹಾಜರಿ ಕರೆದು ಮುಗಿಸುವಷ್ಟರಲ್ಲಿ ಮೊದಲ ಪಿರಿಯಡ್ಡಿನ ಕಾಲು ಭಾಗ ಹೋಗಿರುತ್ತಿತ್ತು. ಗಣಿತಕ್ಕೆ ಆಗಸ್ಟ್ ತನಕ ಮಾಸ್ತರೇ ಇರಲಿಲ್ಲ, ಆಮೇಲೆ ಅತಿಥಿ ಶಿಕ್ಷಕರು ಬಂದರು. ಮಂದಿ ಹೇಳುವುದು ಪೂರಾ ಸುಳ್ಳಲ್ಲ.

ಮೊದಲ ಕಿರು ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ತೀರಾ ಕಡಿಮೆ ಅಂಕ ಬಂತು. ನಾನು ಬೈದೆ. ಸುಮ್ನೆ ನಿಂತಳು. ರಾತ್ರಿ ಅವಳ ನೋಟ್‌ಬುಕ್ ತೆಗೆದು ನೋಡಿದರೆ ಅರ್ಧರ್ಧ ಸಾಲು. ನೈಟ್ರೋಜನ್ ಇರಬೇಕಾದ ಕಡೆ ಹೈಡ್ರೋಜನ್ ಅಂತ ಬರೆದಿದ್ದಾಳೆ. ಅವಳ ಗೆಳತಿ ಓಣಿಯವಳೇ. ಅವಳ ನೋಟ್‌ಬುಕ್ ತರಿಸಿದೆ. ಅದರಲ್ಲೂ ಅದೇ ಸಾಲು, ಅದೇ ತಪ್ಪು! ಇವಳು ಅವಳದ್ದು ನೋಡಿ ಬರೆಯುತ್ತಾಳೆ, ಅವಳು ಮುಂದಿನವಳದ್ದು. ಯಾಕೆ ಅಂದರೆ, 'ಹಲಗಿ ಹೊಳಿತದವ್ವಾ, ಕಾಣಂಗಿಲ್ಲ' ಎಂದಳು. ಕಿಟಕಿಯಿಂದ ಬಿಸಿಲು ನೇರ ಹಲಗೆಗೆ ಬೀಳುತ್ತಿತ್ತಂತೆ. ಎರಡು ತಿಂಗಳು ಬಾಯಿಬಿಟ್ಟು ಹೇಳಿರಲಿಲ್ಲ.

ಮರುದಿನ ಶಾಲೆಗೆ ಹೋದೆ. ಜಗಳ ಆಡಲೆಂದೇ ಹೋಗಿದ್ದೆ, ಅದೂ ಹೇಳಿಬಿಡುತ್ತೇನೆ. ಕ್ಲಾಸ್ ಟೀಚರು ನನ್ನ ಮಾತು ಕೇಳಿಸಿಕೊಂಡು, ಏನೂ ಅನ್ನದೆ, ಒಳಗೆ ಬಂದು ಮಗಳು ಕೂರುವ ನಾಲ್ಕನೇ ಬೆಂಚಿನ ಮೇಲೆ ತಾವೇ ಕೂತರು. ಕತ್ತು ಆಕಡೆ ಈಕಡೆ ಹೊರಳಿಸಿದರು. 'ಹೌದ್ರೀ, ಏನೂ ಕಾಣಂಗಿಲ್ಲ' ಎಂದರು. ಸಂಜೆಯೊಳಗೆ ಕಿಟಕಿಗೆ ರಟ್ಟು ಬಂತು. ಆ ವಾರದಿಂದ ಬೆಂಚು ಸರದಿ ಮೇಲೆ ಬದಲಾಗತೊಡಗಿತು. 78 ಮಕ್ಕಳಲ್ಲಿ ಒಬ್ಬರೂ ಹೇಳದಿದ್ದರೆ ಆ ಟೀಚರಿಗಾದರೂ ಹೇಗೆ ಗೊತ್ತಾಗಬೇಕು ಹೇಳಿ?

ಅದಕ್ಕೇ ಹೇಳುತ್ತೇನೆ, ದೊಡ್ಡ ಶಾಲೆಗೆ ಹಾಕಿದರೆ ನೀವು ಜಾಸ್ತಿ ಸಲ ಹೋಗಬೇಕಾಗುತ್ತದೆ. ಸೇರಿಸುವ ಮುಂಚೆಯೂ ಒಮ್ಮೆ ಹೋಗಿ, ಇಂಟರ್ವಲ್ ಹೊತ್ತಿಗೇ ಹೋಗಿ. ಹೆಣ್ಣುಮಕ್ಕಳ ಶೌಚಾಲಯದ ಮುಂದೆ ನಿಂತು ನೋಡಿ. ನೀರು ಇದೆಯೇ, ಬಾಗಿಲಿಗೆ ಚಿಲಕ ಇದೆಯೇ, ಗಂಟೆ ಬಾರಿಸುವುದರೊಳಗೆ ಸಾಲು ಮುಗಿಯುತ್ತದೆಯೇ. ನನ್ನ ಮಗಳು ಮೊದಲ ವರ್ಷ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ನಮ್ಮ ಕಲಬುರಗಿ ಬಿಸಿಲಲ್ಲಿ! ತುಂಬಿದ ಬಾಟಲಿ ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಫಲಿತಾಂಶದ ಬೋರ್ಡಿಗಿಂತ ಮೊದಲು ಇದನ್ನು ನೋಡಿ.
— ಒಬ್ಬ ತಾಯಿ, ಕಲಬುರಗಿ

*

ನಾನು ಅಂಥದ್ದೇ ಶಾಲೆಯಲ್ಲಿ ಓದಿ ಈಗ ಪಿಯುಸಿಯಲ್ಲಿದ್ದೇನೆ ಆಂಟಿ. ಸಂತೆ ಅನ್ನುವುದು ನಿಜ. ಆದರೆ ಸಂತೆಯಲ್ಲಿ ಎಲ್ಲ ಸಿಗುತ್ತದೆ ಅಲ್ವಾ? ನನಗೆ ಅಲ್ಲಿ ಕಬಡ್ಡಿ ಸಿಕ್ಕಿತು. ನಮ್ಮೂರ ಶಾಲೆಯಲ್ಲಿ ಏಳು ಹುಡುಗಿಯರನ್ನು ಕೂಡಿಸುವುದೇ ಕಷ್ಟ ಇತ್ತು. ಇಲ್ಲಿ ತಂಡಕ್ಕೆ ಸೇರಲು ಪೈಪೋಟಿ. ಊಟಕ್ಕೆ ಕೂತರೆ ಒಬ್ಬಳ ಬಾಯಲ್ಲಿ ಕನ್ನಡ, ಒಬ್ಬಳದ್ದು ಉರ್ದು, ಒಬ್ಬಳದ್ದು ಲಂಬಾಣಿ. ಶೇಂಗಾ ಹಿಂಡಿಗೆ ಮಾತ್ರ ಎಲ್ಲರ ಕೈಯೂ ಬರುತ್ತಿತ್ತು.

ಬೇಜಾರಿನ ವಿಷಯ ಅಂದರೆ 'ಎ' ಸೆಕ್ಷನ್. ಹುಷಾರ್ ಮಕ್ಕಳನ್ನೆಲ್ಲ ಅದರಲ್ಲಿ ಹಾಕುತ್ತಿದ್ದರು. ಒಳ್ಳೆ ಸರ್‌ಗಳೂ ಅಲ್ಲಿಗೇ ಜಾಸ್ತಿ ಹೋಗುತ್ತಿದ್ದರು. ನಾನು 'ಡಿ'. ಒಂಬತ್ತನೇ ಕ್ಲಾಸಿನವರೆಗೆ ನನ್ನ ಹೆಸರು ಗೊತ್ತಿದ್ದವರು ಪಿಟಿ ಸರ್ ಒಬ್ಬರೇ. ಸೆಕ್ಷನ್ ಹೇಗೆ ಮಾಡುತ್ತಾರೆ ಅಂತ ಅಡ್ಮಿಷನ್ ದಿನವೇ ಕೇಳಿಬಿಡಿ.
— ವಿದ್ಯಾರ್ಥಿನಿ, ಶಹಾಪುರ

*

ತಾಯಿ, ನಾನು ಹೈಸ್ಕೂಲ್ ಮಾಸ್ತರನಾಗಿ ನಿವೃತ್ತನಾದವನು. ನಿಮ್ಮ ಪತ್ರದಲ್ಲಿ ಒಂದು ಸಾಲಿನಲ್ಲಿ ಬಂದು ಹೋದ ಆ ಪಕ್ಕದೂರಿನ ಸಣ್ಣ ಹೈಸ್ಕೂಲಿನ ಬಗ್ಗೆ ಯಾರೂ ಯೋಚಿಸುವುದಿಲ್ಲ ಎಂಬ ಅನುಮಾನ ನನಗೆ. ಅದಕ್ಕೇ ಬರೆಯುತ್ತಿದ್ದೇನೆ.

ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಸೀಟು ಹಂಚುವ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15 ಇದೆ. ಅದು ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಿಮ್ಮ ಮಗಳು ಏಳು ವರ್ಷ ಮುಗಿಸಿದ್ದಾಳೆ. ಮಹಾನಗರ ಪಾಲಿಕೆ ಹದ್ದಿನೊಳಗೆ ಎಂಟನೇ ತರಗತಿಗೆ ಕಾಲಿಟ್ಟ ದಿನ ಆ ಏಳು ವರ್ಷ ಲೆಕ್ಕಕ್ಕೆ ಬಾರದೆ ಹೋಗುತ್ತವೆ. ಕನ್ನಡ ಮಾಧ್ಯಮದ ಶೇ 5ರ ಕೋಟಾಕ್ಕೂ ಹೀಗೇ ಹತ್ತು ವರ್ಷದ ಲೆಕ್ಕ. ಯಜಮಾನರು ಹೇಳುವ ಶಹರದ ಇಂಗ್ಲಿಷ್ ಮೀಡಿಯಂಗೆ ಹೋದರೆ ಎರಡೂ ಕೈತಪ್ಪುತ್ತವೆ. ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಸೌಲಭ್ಯಕ್ಕೆ ಮಾತ್ರ ಶಾಲೆ ಯಾವುದು ಎಂಬುದು ಮುಖ್ಯವಲ್ಲ, ಅದರ ಚಿಂತೆ ಬೇಡ.

ಇನ್ನೊಂದು ಎನ್‌ಎಂಎಂಎಸ್ ಪರೀಕ್ಷೆ. ಎಂಟನೇ ತರಗತಿಯಲ್ಲಿ ಬರೆಯಬೇಕು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರದು. ಯಾವ ಶಾಲೆಗೆ ಹೋದರೂ ಮುಖ್ಯಗುರುಗಳನ್ನು ಕೇಳಿ: ಹೋದ ವರ್ಷ ಎಷ್ಟು ಮಕ್ಕಳಿಂದ ಇದಕ್ಕೆ ಅರ್ಜಿ ಹಾಕಿಸಿದಿರಿ? ಉತ್ತರ ಹೇಳಲು ತಡವರಿಸಿದರೆ ಆ ಶಾಲೆ ಹೇಗೆ ನಡೆಯುತ್ತಿದೆ ಎಂದು ಅಲ್ಲೇ ತಿಳಿಯುತ್ತದೆ.

ಫಲಿತಾಂಶದ ಮಾತು. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆ. ಅದರ ಹಿಂದಿನ ವರ್ಷ ಕೊನೆ ಸ್ಥಾನ ಯಾದಗಿರಿಯದ್ದು. ನಾಚಿಕೆಯ ಸಂಗತಿಯೇ. ಆದರೆ 2024ರಿಂದ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಅದಕ್ಕಿಂತ ಹಿಂದಿನ ನೂರಕ್ಕೆ ನೂರರ ಬೋರ್ಡುಗಳನ್ನು ನಾನಂತೂ ಈಗ ಓದುವುದಿಲ್ಲ. ನೀವು 2024ರಿಂದ ಈಚಿನದ್ದನ್ನೇ ಕೇಳಿ. ಅದೂ ಪರೀಕ್ಷೆ-1ರದ್ದು. ಆಮೇಲಿನ ಮರುಪರೀಕ್ಷೆಗಳನ್ನೂ ಕೂಡಿಸಿ ಹೇಳಿದರೆ ಎಲ್ಲ ಶಾಲೆಯೂ ಚೆಂದವೇ. ಗಣಿತದಲ್ಲಿ ಎಷ್ಟು ಮಂದಿ ಫೇಲಾದರು ಎಂದು ಬಿಡಿಸಿ ಕೇಳಿ.

ಕೊನೆಗೆ ನನ್ನ ಅನುಭವದ್ದೊಂದು. ನಮ್ಮ ಕಡೆ ಡಿಸೆಂಬರ್, ಜನವರಿ ಬಂದರೆ ತೊಗರಿ ರಾಶಿ. ಹತ್ತನೇ ತರಗತಿಯ ಹೆಣ್ಣುಮಕ್ಕಳು ಕುಡುಗೋಲು ಹಿಡಿದು ಹೊಲಕ್ಕೆ ಹೋಗಿಬಿಡುತ್ತಾರೆ. ನಮ್ಮದು 40 ಮಕ್ಕಳ ಶಾಲೆ. ಯಾರು ಬಂದಿಲ್ಲ ಎಂದು ಒಮ್ಮೆ ಕಣ್ಣಾಡಿಸಿದರೆ ಗೊತ್ತಾಗುತ್ತಿತ್ತು. ಸೈಕಲ್ ಮೋಟರ್ ತೆಗೆದುಕೊಂಡು ಹೊಲಕ್ಕೇ ಹೋಗುತ್ತಿದ್ದೆ. ಒಬ್ಬ ಹುಡುಗಿಯ ಅಪ್ಪ, 'ಬರ್ರಿ ಮಾಸ್ತರ, ನೀವೂ ನಾಕು ಗಿಡ ಕೊಯ್ಯಿರಿ, ಆಮ್ಯಾಲ ಕರ್ಕೊಂಡು ಹೋಗ್ರಿ' ಎಂದ. ಕೊಯ್ದೆ, ಕರೆದುಕೊಂಡು ಬಂದೆ. ಮೆತ್ತಗಿನ ಹುಡುಗಿ ಎನ್ನುತ್ತೀರಿ. ಅವಳು ನಾಲ್ಕು ದಿನ ಬಾರದಿದ್ದರೆ ಹುಡುಕಿಕೊಂಡು ಬರುವ ಶಾಲೆ ಯಾವುದು, ಅದನ್ನು ವಿಚಾರಿಸಿ. ಸಣ್ಣ ಶಾಲೆಯಲ್ಲಿ ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರು ಇಲ್ಲದಿದ್ದರೆ ಮಾತ್ರ ನನ್ನ ಮಾತು ಬಿಡಿ, ಶಹರಕ್ಕೇ ಕಳಿಸಿ.
— ನಿವೃತ್ತ ಶಿಕ್ಷಕ, ಸೇಡಂ

*

ದೊಡ್ಡ ಸರ್ಕಾರಿ ಶಾಲೆ ಬೇಡ ಅಂತ ನಾನು ಮಗನನ್ನು ಒಂಬತ್ತಕ್ಕೆ ಬಿಡಿಸಿ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿದೆ. ತ್ರಿಭುಜ ಅಂದರೆ ಲೆಕ್ಕ ಬಿಡಿಸುತ್ತಿದ್ದ ಹುಡುಗ ಟ್ರಯಾಂಗಲ್ ಅಂದರೆ ಮಿಕಿಮಿಕಿ ನೋಡುತ್ತಿದ್ದ. ಮಾರ್ಚ್‌ನಲ್ಲಿ ಕರೆದು, ನಿಮ್ಮ ಹುಡುಗ ಹತ್ತರಲ್ಲಿ ನಮ್ಮ ರಿಸಲ್ಟ್ ಕೆಡಿಸುತ್ತಾನೆ, ಟಿಸಿ ತೆಗೆದುಕೊಳ್ಳಿ ಎಂದರು. ಫೀಸು ಹೋಯಿತು, ಒಂದು ವರ್ಷವೂ ಹೋದಂತೆಯೇ. ತಿರುಗಿ ಹಳೇ ಶಾಲೆಗೇ ಹೋದೆವು. ಮುಖ್ಯಗುರುಗಳು ರಿಜಿಸ್ಟರ್ ತೆಗೆಯುತ್ತಾ, 'ಬಂದ್ಯಾ?' ಅಂದರು ಅಷ್ಟೇ. ಆ ಶಾಲೆ ಮೇಲೆ ನನಗೆ ನೂರು ದೂರಿವೆ ಅಕ್ಕಾರ, ಈಗಲೂ ಇವೆ. ಸಾಲ ಮಾಡುವ ಮುಂಚೆ ನನ್ನ ಕತೆ ಯಜಮಾನರಿಗೆ ಓದಿ ಹೇಳಿ.
— ಒಬ್ಬ ತಂದೆ, ಬೀದರ್ ಜಿಲ್ಲೆ

*

ಎಲ್ಲರೂ ಶಾಲೆ ಬಗ್ಗೆ ಬರೆಯುತ್ತಾರೆ, ನಾನು ಬಸ್ಸಿನ ಬಗ್ಗೆ ಬರೆಯುತ್ತೇನೆ, ಯಾಕಂದರೆ ನಾನು ಕಂಡಕ್ಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಚಿಂತೆ ಇರುವುದು ಜಾಗದ್ದು. ಬೆಳಗ್ಗೆ ಶಾಲೆ ಹೊತ್ತಿನ ಬಸ್ಸು ಮೊದಲ ಊರಲ್ಲೇ ತುಂಬಿರುತ್ತದೆ. ನಡುವಿನ ಊರಲ್ಲಿ ನಿಲ್ಲಿಸಿದರೂ ಒಂದು ಕಾಲಿಡಲು ಜಾಗ ಇರುವುದಿಲ್ಲ. ಮಗಳನ್ನು ಸೇರಿಸುವ ಮುಂಚೆ ನೀವೇ ಒಂದು ಸೋಮವಾರ ಅದೇ ಬಸ್ಸಿಗೆ ನಿಂತು ನೋಡಿ. ಸಂಜೆ ವಾಪಸ್ ಬರುವ ಬಸ್ಸು ಎಷ್ಟಕ್ಕೆ ಅಂತಲೂ ನೋಡಿ, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ನಿಮ್ಮ ಊರಿಂದ ಹೋಗುವ ಮಕ್ಕಳು ಹತ್ತು ಹನ್ನೆರಡು ಆದರೆ ಹೆಸರು ಬರೆದು, ಪಂಚಾಯಿತಿಯಿಂದ ಒಂದು ಪತ್ರ ಮಾಡಿಸಿ ಡಿಪೊ ಮ್ಯಾನೇಜರಿಗೆ ಕೊಡಿ. ಒಂದು ಸಲಕ್ಕೆ ಆಗಲಿಕ್ಕಿಲ್ಲ, ಮತ್ತೆ ಹೋಗಿ.

ಆಧಾರ್ ಕಾರ್ಡ್ ಮಗಳ ಚೀಲದಲ್ಲೇ ಇರಲಿ. ಮೊದಲ ದಿನ ಅದನ್ನು ಮನೆಯಲ್ಲಿ ಮರೆತು, ಹೊಸ ಯೂನಿಫಾರ್ಮಿನಲ್ಲಿ ಬಾಗಿಲ ಹತ್ತಿರ ಕಣ್ಣು ತುಂಬಿಕೊಂಡು ನಿಲ್ಲುವ ಹುಡುಗಿ ಪ್ರತಿ ಜೂನ್‌ನಲ್ಲೂ ಒಬ್ಬಳಾದರೂ ನನ್ನ ಬಸ್ಸಿನಲ್ಲಿ ಇದ್ದೇ ಇರುತ್ತಾಳೆ.
— ಬಸ್ ನಿರ್ವಾಹಕ, ಕಲಬುರಗಿ